ಹೆಚ್ಚಾದ ಹೊರೆ ಯಾರ ಬೆನ್ನಿಗೆ?



‘ಚಾರ್ಜ್’ ಎಂಬ ಇಂಗ್ಲಿಷ್ ಪದ ಇಂದು ಇಂಗ್ಲಿಷ್ ಬಾರದವರ ಬಾಯಲ್ಲೂ ಓಡಾಡುತ್ತಿದೆ. ಯಡ್ರಾಮಿಯಿಂದ ಜೇವರ್ಗಿಗೆ ಹೊರಟವನು ಬಸ್ ಚಾರ್ಜ್ ಎಷ್ಟೆಂದು ಕೇಳುತ್ತಾನೆ. ಮಕ್ಕಳು ಮೊಬೈಲನ್ನು ಚಾರ್ಜಿಗೆ ಇಡುತ್ತಾರೆ. ಗಲಾಟೆಯಾದ ಊರಿನಲ್ಲಿ ಲಾಠಿ ಚಾರ್ಜ್ ಆಯಿತೆಂದು ಪತ್ರಿಕೆ ಬರೆಯುತ್ತದೆ. ಆರೋಪಿಯ ಮೇಲೆ ಚಾರ್ಜ್‌ಶೀಟ್ ಹಾಕುತ್ತಾರೆ. ಹೆಡ್‌ಮಾಸ್ತರರು ರಜೆಯಲ್ಲಿದ್ದರೆ ಇನ್ನೊಬ್ಬ ಮಾಸ್ತರರು ಇನ್‌ಚಾರ್ಜ್ ಆಗುತ್ತಾರೆ. ಕೊನೆಗೆ, ಅಂಗಡಿಯವನೋ ಆಟೋದವನೋ ನ್ಯಾಯಕ್ಕಿಂತ ಹೆಚ್ಚು ಹಣ ಕೇಳಿದರೆ ‘ಓವರ್‌ಚಾರ್ಜ್ ಮಾಡಿದ’ ಎಂದು ಗೊಣಗುತ್ತೇವೆ.

ಇಷ್ಟೊಂದು ಬೇರೆ ಬೇರೆ ಅರ್ಥಗಳು ಒಂದೇ ಪದಕ್ಕೆ ಹೇಗೆ ಬಂದವು? ಇದಕ್ಕೆ ಉತ್ತರ ಪದದ ಮೂಲದಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ‘ಕಾರುಸ್’ ಎಂದರೆ ಬಂಡಿ. ಅದರಿಂದ ‘ಕಾರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಬಂಡಿಗೆ ಹೊರೆ ಹೇರುವುದು ಎಂಬುದೇ ಅದರ ಅರ್ಥ. ಅದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ನಾವು ಓಡಿಸುವ ‘ಕಾರ್’, ಹಡಗು ಹೊರುವ ‘ಕಾರ್ಗೊ’ ಇವೂ ಅದೇ ಮನೆತನದ ಪದಗಳು. ಬ್ಯಾಟರಿಗೆ ವಿದ್ಯುತ್ತನ್ನು ತುಂಬುವುದು, ಬಂದೂಕಿಗೆ ಮದ್ದು ತುಂಬುವುದು, ಒಬ್ಬನ ಮೇಲೆ ಆರೋಪ ಹೊರಿಸುವುದು, ಒಬ್ಬನಿಗೆ ಜವಾಬ್ದಾರಿ ವಹಿಸುವುದು, ಒಬ್ಬನ ಮೇಲೆ ಖರ್ಚು ಹಾಕುವುದು ಇವೆಲ್ಲವೂ ‘ಹೊರೆ ಹೇರುವುದು’ ಎಂಬ ಒಂದೇ ಬೇರಿನ ಕೊಂಬೆಗಳು. ಹಾಗಾದರೆ ‘ಓವರ್‌ಚಾರ್ಜ್’ ಎಂದರೇನು? ಹೆಚ್ಚು ಬೆಲೆ ಕೇಳುವುದು ಎಂಬ ಅರ್ಥ ಆಮೇಲೆ ಬಂದದ್ದು. ಮೊದಲು ಅದರ ಅರ್ಥ ತಾಳಲಾರದಷ್ಟು ಹೊರೆ ಹೇರುವುದು ಎಂದಿತ್ತು.

ಇದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದವಿದೆ, ‘ಎಗ್ಸಾರ್ಬಿಟೆಂಟ್’. ವಿಪರೀತವಾದ ಬೆಲೆಗೂ ಮಿತಿಮೀರಿದ ಬಡ್ಡಿಗೂ ಈ ಪದ ಬಳಸುತ್ತಾರೆ. ಇದೂ ಬಂಡಿಯಿಂದಲೇ ಬಂದಿದೆ. ಲ್ಯಾಟಿನ್‌ನಲ್ಲಿ ‘ಆರ್ಬಿಟಾ’ ಎಂದರೆ ಗಾಲಿಯ ಜಾಡು, ‘ಎಕ್ಸ್’ ಎಂದರೆ ಹೊರಗೆ. ಜಾಡು ಬಿಟ್ಟು ಹೊರಗೆ ಹೋದದ್ದೇ ‘ಎಗ್ಸಾರ್ಬಿಟೆಂಟ್’.

ಎರೆಹೊಲದ ನಮ್ಮ ಸೀಮೆಯವರಿಗೆ ಈ ಎರಡು ಪದಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರೆ ಹೆಚ್ಚಾದರೆ ಬಂಡಿಯ ಅಚ್ಚು ಮುರಿಯುತ್ತದೆ, ಎತ್ತು ಮೊಣಕಾಲೂರುತ್ತದೆ. ಮಳೆಗಾಲದಲ್ಲಿ ಗಾಲಿ ಜಾಡು ತಪ್ಪಿದರೆ ಕೆಸರಲ್ಲಿ ಹೂತುಹೋಗುತ್ತದೆ. ಹೊರೆಯೂ ಜಾಡೂ ಸರಿಯಿದ್ದರೆ ಮಾತ್ರ ಬಂಡಿ ಮನೆ ಮುಟ್ಟುತ್ತದೆ.

ಹೊರೆಯ ಬಗ್ಗೆ ದೀನ್ ಏನು ಹೇಳುತ್ತದೆ?

ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂರಃ ಅಲ್ ಬಕರಃ ಕೊನೆಗೊಳ್ಳುವುದು ಹೊರೆಯ ಮಾತಿನಿಂದಲೇ. ಅಲ್ಲಾಹನು ಯಾವ ಜೀವದ ಮೇಲೂ ಅದರ ಶಕ್ತಿ ಮೀರಿದ ಭಾರ ಹಾಕುವುದಿಲ್ಲ ಎಂದು ಅದರ ಕೊನೆಯ ವಚನ (2:286) ತಿಳಿಸುತ್ತದೆ. ಹಿಂದಿನವರ ಮೇಲೆ ಹೊರಿಸಿದಂಥ ಭಾರವನ್ನು ನಮ್ಮ ಮೇಲೆ ಹೊರಿಸಬೇಡ, ನಮ್ಮಿಂದ ಹೊರಲಾಗದ್ದನ್ನು ನಮಗೆ ಹೊರಿಸಬೇಡ ಎಂಬ ಪ್ರಾರ್ಥನೆಯನ್ನೂ ಅದೇ ವಚನ ಕಲಿಸುತ್ತದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಕಂಠಪಾಠ ಮಾಡಿ ಮಲಗುವ ಮುನ್ನ ಓದುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ. ರಾತ್ರಿ ನನ್ನ ಮೇಲೆ ಹೆಚ್ಚಿನ ಹೊರೆ ಬೇಡವೆಂದು ಅಲ್ಲಾಹನಲ್ಲಿ ಬೇಡಿದವನು ಬೆಳಗ್ಗೆ ಅಂಗಡಿ ತೆರೆದು ಇನ್ನೊಬ್ಬನ ಮೇಲೆ ಹೆಚ್ಚಿನ ಹೊರೆ ಹೇರಬಹುದೇ?

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆಯೊಂದು ಅವರನ್ನು ಕಂಡು ಕಣ್ಣೀರು ಸುರಿಸಿತು. ಅವರು ಅದರ ತಲೆ ಸವರಿ ಸಮಾಧಾನಪಡಿಸಿ ಒಡೆಯನನ್ನು ಕರೆಸಿದರು. ನೀನು ಇದನ್ನು ಹಸಿವಿನಲ್ಲಿಟ್ಟು ದಣಿಸುತ್ತೀಯೆಂದು ಇದು ನನ್ನಲ್ಲಿ ದೂರಿದೆ, ಅಲ್ಲಾಹನಿಗೆ ಭಯಪಡು ಎಂದು ಎಚ್ಚರಿಸಿದರು. ಈ ಘಟನೆ ಅಬೂ ದಾವೂದ್‌ರ ಹದೀಸ್ ಗ್ರಂಥದಲ್ಲಿದೆ. ಕೈಕೆಳಗಿನವರಿಗೆ ತಾಳಲಾರದ ಕೆಲಸ ಹೇರಬೇಡಿ, ಹೇರಿದರೆ ನೀವೂ ಕೈಗೂಡಿಸಿ ಎಂದು ಅವರು ಕಲಿಸಿದ್ದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಮಾತು ಬಾರದ ಒಂಟೆಯ ದೂರಿಗೇ ಅಷ್ಟು ಬೆಲೆಯಿದ್ದರೆ, ಮಗುವಿನ ಜ್ವರಕ್ಕೆ ಔಷಧ ಕೊಳ್ಳಲು ಬಂದು ಹೆಚ್ಚು ಹಣ ತೆತ್ತು ಮಾತಿಲ್ಲದೆ ಹೋದ ತಾಯಿಯ ದೂರಿಗೆ ಎಷ್ಟು ಬೆಲೆಯಿರಬಹುದು!

ಲಾಭವೆಲ್ಲ ಪಾಪವೇ?

ಇಲ್ಲ. ಇಲ್ಲಿ ಅತಿರೇಕಕ್ಕೆ ಹೋಗಬಾರದು. ವ್ಯಾಪಾರವನ್ನು ಅಲ್ಲಾಹನು ಹಲಾಲ್ ಮಾಡಿದ್ದಾನೆ. ಪ್ರವಾದಿವರ್ಯರು(ಸ) ಉರ್ವಃ(ರ) ಎಂಬ ಸಹಾಬಿಗೆ ಒಂದು ದೀನಾರ್ ಕೊಟ್ಟು ಕುರಿ ತರಲು ಕಳಿಸಿದರು. ಅವರು ಆ ಹಣಕ್ಕೆ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರ್‌ಗೆ ಮಾರಿ, ಒಂದು ಕುರಿಯನ್ನೂ ಒಂದು ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿವರ್ಯರು ಗದರಲಿಲ್ಲ. ಅವರ ವ್ಯಾಪಾರದಲ್ಲಿ ಬರಕತ್‌ಗಾಗಿ ದುಆ ಮಾಡಿದರು (ಬುಖಾರಿ).

ಮದೀನಾದಲ್ಲಿ ಬೆಲೆ ಏರಿದಾಗ ಸಹಾಬಿಗಳು ದರ ಗೊತ್ತು ಮಾಡಿರೆಂದು ವಿನಂತಿಸಿದರು. ದರವನ್ನು ಏರಿಳಿಸುವವನು ಅಲ್ಲಾಹನೇ, ರಕ್ತದ ವಿಷಯದಲ್ಲಾಗಲಿ ಧನದ ವಿಷಯದಲ್ಲಾಗಲಿ ಯಾರೊಬ್ಬರ ಅನ್ಯಾಯದ ದೂರೂ ನನ್ನ ಮೇಲಿಲ್ಲದ ಸ್ಥಿತಿಯಲ್ಲಿ ಅವನನ್ನು ಭೇಟಿಯಾಗ ಬಯಸುತ್ತೇನೆ ಎಂದು ಅವರು ಉತ್ತರಿಸಿದರು (ಅಬೂ ದಾವೂದ್, ತಿರ್ಮಿದಿ). ಮಳೆ ಕೈಕೊಟ್ಟ ವರ್ಷ ತೊಗರಿ ತುಟ್ಟಿಯಾಗುವುದು ಮಾರುವವನ ಪಾಪವಲ್ಲ. ಅವನೂ ತುಟ್ಟಿಗೆ ಕೊಂಡು ತುಟ್ಟಿಗೆ ಮಾರುತ್ತಾನೆ. ನಡುರಾತ್ರಿ ನಿದ್ದೆ ಬಿಟ್ಟೆದ್ದು ರೋಗಿಯನ್ನು ಕಲಬುರಗಿಗೆ ಒಯ್ಯುವ ಡ್ರೈವರ್ ಹಗಲಿಗಿಂತ ಸ್ವಲ್ಪ ಹೆಚ್ಚು ಕೇಳಿದರೆ ಅದು ಅವನ ಶ್ರಮದ ಬೆಲೆ.

ಹಾಗಾದರೆ ಅನ್ಯಾಯದ ಬೆಲೆ ಯಾವುದು? ವಸ್ತುವಿನ ಬೆಲೆಗೂ ನಮ್ಮ ಶ್ರಮದ ಬೆಲೆಗೂ ಮೇಲೆ, ಎದುರಿಗಿರುವವನ ಸಂಕಟಕ್ಕೂ ಅಜ್ಞಾನಕ್ಕೂ ನಾವು ಬೆಲೆ ಕಟ್ಟಿದರೆ ಅದೇ ಅನ್ಯಾಯದ ಬೆಲೆ. ರಾತ್ರಿಯ ದುಡಿಮೆಗೆ ಕೂಲಿ ಕೇಳುವುದು ಬೇರೆ, ರೋಗಿಯ ಅವಸರಕ್ಕೆ ಸುಂಕ ಕೇಳುವುದು ಬೇರೆ. ಹಳ್ಳಿಯಿಂದ ಬಂದವನಿಗೆ ಸಂತೆಯ ದರ ಗೊತ್ತಿಲ್ಲವೆಂದು ತಿಳಿದು ದರ ಏರಿಸುವುದು, ಬದಲಿಸದ ಪಾರ್ಟ್ ಬದಲಿಸಿದೆನೆಂದು ಗ್ಯಾರೇಜಿನಲ್ಲಿ ಬಿಲ್ ಮಾಡುವುದು, ರಮಝಾನ್ ಬಂದೊಡನೆ ಅದೇ ಬುಟ್ಟಿಯ ಹಣ್ಣಿಗೆ ಬೇರೆಯೇ ಬೆಲೆ ಹೇಳುವುದು ಇವೆಲ್ಲ ಆ ಜಾತಿಗೆ ಸೇರಿದವು.

ಫಿಕ್‌ಹ್ ಶಾಸ್ತ್ರದಲ್ಲಿ ಇದಕ್ಕೆ ‘ಗಬ್ನ್’ ಎನ್ನುತ್ತಾರೆ. ತಜ್ಞರು ಕಟ್ಟುವ ಬೆಲೆಯನ್ನು ತೀರಾ ಮೀರಿದರೆ ಅದು ‘ಗಬ್ನ್ ಫಾಹಿಶ್’, ಅಂದರೆ ಎದ್ದು ಕಾಣುವ ನಷ್ಟ. 1869ರಿಂದ 1876ರವರೆಗೆ ತುರ್ಕಿಯ ಉಸ್ಮಾನೀ ಆಡಳಿತವು ಹನಫೀ ಫಿಕ್‌ಹ್‌ನ ಆಧಾರದಲ್ಲಿ ರಚಿಸಿದ ‘ಮಜಲ್ಲಃ’ ಎಂಬ ಕಾನೂನು ಸಂಹಿತೆ ಇದಕ್ಕೆ ಅಂಕಿಗಳನ್ನೂ ಗೊತ್ತುಪಡಿಸಿತು. ಸಾಮಾನುಗಳಲ್ಲಿ ಇಪ್ಪತ್ತರಲ್ಲೊಂದು ಪಾಲು, ಪ್ರಾಣಿಗಳಲ್ಲಿ ಹತ್ತರಲ್ಲೊಂದು, ಮನೆ ಜಮೀನುಗಳಲ್ಲಿ ಐದರಲ್ಲೊಂದು. ನ್ಯಾಯವಾದ ಬೆಲೆಯಿಂದ ವ್ಯತ್ಯಾಸ ಇಷ್ಟಾದರೆ ಅಥವಾ ಇದಕ್ಕಿಂತ ಹೆಚ್ಚಾದರೆ ಅದನ್ನು ಗಬ್ನ್ ಫಾಹಿಶ್ ಎಂದು ಎಣಿಸಿತು. ಇದು ಕೊಂಡ ಬೆಲೆಯ ಮೇಲೆ ಇಡುವ ಲಾಭದ ಮಿತಿಯಲ್ಲ, ಪೇಟೆಯ ನ್ಯಾಯ ಬೆಲೆಯನ್ನು ಮೀರುವುದರ ಅಳತೆ ಎಂಬುದನ್ನು ಗಮನಿಸಬೇಕು. ಮೋಸ ಮಾಡಿ ಹೀಗೆ ಮಾರಿದ್ದರೆ ಕೊಂಡವನು ವ್ಯಾಪಾರವನ್ನು ಮುರಿಯಬಹುದೆಂದೂ, ಅನಾಥರ ಮತ್ತು ವಕ್ಫ್‌ನ ಸೊತ್ತಿನಲ್ಲಾದರೆ ಮೋಸವಿಲ್ಲದಿದ್ದರೂ ಅಂಥ ವ್ಯಾಪಾರ ನಿಲ್ಲುವುದಿಲ್ಲವೆಂದೂ ಅದು ಹೇಳಿತು.

‘ಅವನೇ ಒಪ್ಪಿ ಕೊಟ್ಟನಲ್ಲ!’

ಹೆಚ್ಚು ಬೆಲೆ ಪಡೆದವನ ನಾಲಿಗೆಯ ಮೇಲೆ ಸದಾ ಸಿದ್ಧವಾಗಿರುವ ಉತ್ತರವಿದು. ನಾನೇನು ಕಸಿದುಕೊಂಡೆನೇ? ಅವನು ಒಪ್ಪಿದ, ನಾನು ಪಡೆದೆ. ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಕುರ್‌ಆನ್ ಅನುಮತಿಸಿದೆಯಲ್ಲವೇ ಎಂದು ಸೂರಃ ಅನ್ನಿಸಾದ 29ನೆಯ ವಚನವನ್ನೂ ಕೆಲವರು ಮುಂದಿಡುತ್ತಾರೆ. ಆದರೆ ಅದೇ ವಚನ ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದೆಂಬ ತಡೆಯಿಂದ ಆರಂಭವಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಈ ವಾದಕ್ಕೆ ಉತ್ತರ ಬಹಳ ಹಿಂದೆಯೇ ದೊರೆತಿದೆ. ಬಸರಾದಲ್ಲಿ ಯೂನುಸ್ ಬಿನ್ ಉಬೈದ್ ಎಂಬ ಬಟ್ಟೆ ವ್ಯಾಪಾರಿಯಿದ್ದರು. ಅವರು ಹದೀಸ್‌ನ ವಿದ್ವಾಂಸರೂ ಆಗಿದ್ದರು. ಅವರ ಅಂಗಡಿಯಲ್ಲಿ 400 ದಿರ್‌ಹಮ್ ಬೆಲೆಯ ಉಡುಪುಗಳೂ 200 ದಿರ್‌ಹಮ್ ಬೆಲೆಯ ಉಡುಪುಗಳೂ ಇದ್ದವು. ಅವರು ನಮಾಝ್‌ಗೆ ಹೋದಾಗ ಅಣ್ಣನ ಮಗ ಅಂಗಡಿಯಲ್ಲಿದ್ದ. ಹಳ್ಳಿಯಿಂದ ಬಂದ ಅರಬನೊಬ್ಬ 400ರ ಉಡುಪು ಕೇಳಿದಾಗ ಆತ 200ರದ್ದನ್ನು ತೋರಿಸಿ 400ಕ್ಕೆ ಮಾರಿದ. ನಮಾಝ್ ಮುಗಿಸಿ ಬರುತ್ತಿದ್ದ ಯೂನುಸ್ ದಾರಿಯಲ್ಲಿ ಆ ಉಡುಪನ್ನು ಗುರುತಿಸಿ ಬೆಲೆ ವಿಚಾರಿಸಿದರು. ಇದು 200ಕ್ಕಿಂತ ಹೆಚ್ಚು ಬಾಳುವುದಿಲ್ಲ, ಬಂದು ಮರಳಿಸಿ ಎಂದರು. ಆ ಹಳ್ಳಿಗನೋ ತೃಪ್ತನಾಗಿದ್ದ. ನಮ್ಮೂರಲ್ಲಿ ಇದಕ್ಕೆ 500 ಇದೆ, ನನಗೆ ಒಪ್ಪಿಗೆಯಿದೆ ಎಂದ. ಆದರೂ ಅವನನ್ನು ಅಂಗಡಿಗೆ ಕರೆದೊಯ್ದು 200 ದಿರ್‌ಹಮ್ ಹಿಂದಿರುಗಿಸಿದರು. ಬಳಿಕ ಅಣ್ಣನ ಮಗನನ್ನು ತರಾಟೆಗೆ ತೆಗೆದುಕೊಂಡರು. ಅವನು ಒಪ್ಪಿಯೇ ಕೊಂಡನಲ್ಲ ಎಂದು ಹುಡುಗ ಹೇಳಿದಾಗ, ನಿನಗಾಗಿ ನೀನು ಒಪ್ಪುವುದನ್ನೇ ಅವನಿಗಾಗಿಯೂ ಏಕೆ ಒಪ್ಪಲಿಲ್ಲ ಎಂದು ಕೇಳಿದರು. ಇಮಾಮ್ ಗಝ್ಝಾಲಿ ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಈ ಘಟನೆಯನ್ನು ದಾಖಲಿಸಿದ್ದಾರೆ.

ವಾಚಕರೇ, ಗಮನಿಸಿರಿ. ಕೊಂಡವನು ಒಪ್ಪಿದ್ದ, ಸಂತೋಷವಾಗಿಯೂ ಇದ್ದ. ಆದರೆ ಮಾರಿದವರ ಮನಸ್ಸಾಕ್ಷಿ ಒಪ್ಪಲಿಲ್ಲ. ನೀರಲ್ಲಿ ಮುಳುಗುತ್ತಿರುವವನು ಹಗ್ಗಕ್ಕೆ ಕೇಳಿದಷ್ಟು ಕೊಡಲು ಒಪ್ಪುತ್ತಾನೆ. ಅದನ್ನು ಒಪ್ಪಿಗೆ ಎನ್ನಬಹುದೇ? ಅದು ಅವನ ಅಸಹಾಯಕತೆ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೊನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಊರಿಗೆ ಊರೇ ಭಯದಲ್ಲಿತ್ತು. ಅದೇ ತಿಂಗಳು ಕೇಂದ್ರ ಸರಕಾರವು ಮಾಸ್ಕ್ ಮತ್ತು ಸ್ಯಾನಿಟೈಸರುಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಬೇಕಾಯಿತು. 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ ಮೀರಬಾರದೆಂದು ದರ ಕಟ್ಟಬೇಕಾಯಿತು. ಜನರ ಭಯವೇ ಕೆಲವರಿಗೆ ಬಂಡವಾಳವಾಗಿದ್ದರಿಂದಲೇ ಆ ಆಜ್ಞೆ ಬೇಕಾಯಿತು. ಮರಣ ಬಾಗಿಲಲ್ಲಿ ನಿಂತಾಗಲೂ ಮನುಷ್ಯನ ಕೈ ಗಲ್ಲಾಪೆಟ್ಟಿಗೆಯ ಕಡೆಗೇ ಚಾಚುವುದಾದರೆ ಅದು ತೆರೆಯುವುದು ಯಾವ ದಿನ?

ಪೊಟ್ಟಣದ ಸಾಮಾನುಗಳ ವಿಷಯದಲ್ಲಂತೂ ಸಬೂಬಿಗೇ ಜಾಗವಿಲ್ಲ. ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಮಾರಾಟ ಬೆಲೆಯನ್ನು ಅದರ ಮೇಲೆ ಮುದ್ರಿಸಬೇಕೆಂಬ ಕಾನೂನಿದೆ. ತಂಪು ಮಾಡಿದ್ದಕ್ಕೆಂದು ಎಂಆರ್‌ಪಿಗಿಂತ ಎರಡೋ ಐದೋ ರೂಪಾಯಿ ಹೆಚ್ಚು ಪಡೆಯುವುದು ಕಾನೂನಿನ ಉಲ್ಲಂಘನೆ. ಐದು ರೂಪಾಯಿ ಸಣ್ಣದೆನ್ನಬೇಡಿ. ಅಳತೆ ತೂಕದಲ್ಲಿ ತುಸುವೇ ಕಡಿತ ಮಾಡುವವರ ಬಗ್ಗೆ ಅಲ್ಲಾಹನು ಸೂರಃ ಅಲ್ ಮುತಫ್ಫಿಫೀನ್‌ನ ಆರಂಭದಲ್ಲೇ ನಾಶದ ಎಚ್ಚರಿಕೆ ಕೊಟ್ಟಿದ್ದಾನೆ. ಮದ್‌ಯನ್‌ನ ಜನರಿಗೆ ಹಝ್ರತ್ ಶುಐಬ್(ಅ) ಏಕದೇವತ್ವದ ಜೊತೆಗೆ ಬೋಧಿಸಿದ್ದು ಅಳತೆ ತೂಕದ ನ್ಯಾಯವನ್ನೇ.

ಬಡ್ಡಿಯ ಹೊರೆ

ಈಗ ಎಲ್ಲಕ್ಕಿಂತ ಭಾರವಾದ ಹೊರೆಯ ವಿಷಯಕ್ಕೆ ಬರೋಣ. 2004ರಲ್ಲಿ ಕರ್ನಾಟಕದಲ್ಲಿ ಮಿತಿಮೀರಿದ ಬಡ್ಡಿ ವಿಧಿಸುವುದನ್ನು ನಿಷೇಧಿಸುವ ಕಾನೂನು ಮಾಡಲಾಯಿತು. ಅದರ ಇಂಗ್ಲಿಷ್ ಹೆಸರಿನಲ್ಲಿ ‘ಚಾರ್ಜಿಂಗ್’, ‘ಎಗ್ಸಾರ್ಬಿಟೆಂಟ್’ ಎಂಬ ಎರಡೂ ಪದಗಳು ಅಕ್ಕಪಕ್ಕದಲ್ಲೇ ಇವೆ. ಹೊರೆ ಹೇರುವುದು ಮತ್ತು ಜಾಡು ಬಿಡುವುದು! ಇಪ್ಪತ್ತು ವರ್ಷ ಕಳೆದರೂ ಹೊರೆ ಇಳಿಯಲಿಲ್ಲ. ಕಿರುಸಾಲ ವಸೂಲಿಗಾರರ ಕಿರುಕುಳ ತಾಳಲಾರದೆ ಜನ ಊರು ಬಿಡುವ, ಪ್ರಾಣ ಕಳೆದುಕೊಳ್ಳುವ ಸುದ್ದಿಗಳು ಬಂದಾಗ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಟಿತು. ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿ ವಿಧಿಸಲಾಯಿತು.

ಊರಲ್ಲಿ ‘ನೂರಕ್ಕೆ ಐದು’ ಎಂಬ ಮಾತು ಕೇಳಲು ಹಗುರ. ಅದು ತಿಂಗಳ ಲೆಕ್ಕ. ಹತ್ತು ಸಾವಿರ ತಂದವನು ತಿಂಗಳಿಗೆ 500ರಂತೆ ವರ್ಷಕ್ಕೆ 6,000 ತೆರಬೇಕು. ‘ನೂರಕ್ಕೆ ಹತ್ತು’ ಆದರೆ ಹತ್ತೇ ತಿಂಗಳಲ್ಲಿ ಬಡ್ಡಿ ಅಸಲಿನಷ್ಟಾಗುತ್ತದೆ, ಅಸಲು ಹಾಗೇ ನಿಂತಿರುತ್ತದೆ. ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡು ಒಂಬತ್ತೇ ಸಾವಿರ ಕೈಗಿಟ್ಟರಂತೂ, ತಾನು ಪಡೆಯದ ಒಂದು ಸಾವಿರಕ್ಕೂ ಆ ಬಡವ ಬಡ್ಡಿ ಕಟ್ಟುತ್ತಿರುತ್ತಾನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ದೇಶದ ಕಾನೂನು ತಡೆಯುವುದು ಮಿತಿಮೀರಿದ ಬಡ್ಡಿಯನ್ನು. ನಮ್ಮ ದೀನ್‌ನಲ್ಲಿ ಮಿತಿಯೊಳಗಿನ ಬಡ್ಡಿ ಎಂಬುದೇ ಇಲ್ಲ. ಸ್ವಲ್ಪವಾದರೂ ಹೆಚ್ಚಾದರೂ ಅದು ಹರಾಮ್. ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಟ್ಟರೆ ಇನ್ನೂ ಒಳಿತು ಎಂದು ಕುರ್‌ಆನ್ (2:280) ಬೋಧಿಸುತ್ತದೆ. ಸಾಲದ ಭಾರಕ್ಕೆ ಬಾಗಿಹೋಗುವುದರಿಂದ ಪ್ರವಾದಿವರ್ಯರೇ(ಸ) ಅಲ್ಲಾಹನ ಅಭಯ ಬೇಡುತ್ತಿದ್ದರು (ಬುಖಾರಿ). ಹೀಗಿರುವಾಗ ಮುಸ್ಲಿಮನೇ ಬಡ್ಡಿಗೆ ಹಣ ಕೊಡುವುದು ಎಂಥ ದುರಂತ! ದಿನದ ಫರ್ಝ್ ನಮಾಝ್‌ಗಳ 17 ರಕಅತ್‌ಗಳಲ್ಲಿ ನಮ್ಮನ್ನು ನೇರ ಮಾರ್ಗದಲ್ಲಿ ನಡೆಸೆಂದು ಬೇಡುವವನು ಲೆಕ್ಕದ ಪುಸ್ತಕ ತೆರೆದಾಗ ಜಾಡು ಬಿಟ್ಟರೆ ಆ ಬೇಡಿಕೆಗೆ ಏನರ್ಥ ಉಳಿಯಿತು?

ಕೊಳ್ಳುವವರಿಗೂ ಒಂದು ಮಾತು

ಇಷ್ಟು ಹೊತ್ತು ಮಾರುವವರ ಬಗ್ಗೆ ಹೇಳಿದ್ದಾಯಿತು. ಹೊರೆ ಹೇರುವುದು ಅವರು ಮಾತ್ರವಲ್ಲ. ತಲೆಯ ಮೇಲೆ ಪುಟ್ಟಿ ಹೊತ್ತು ಹಳ್ಳಿಯಿಂದ ಸಂತೆಗೆ ಬಂದ ಹೆಣ್ಣುಮಗಳು ಸಂಜೆಯಾಗಿ ಬಸ್ಸಿಗೆ ಹೊತ್ತಾದಾಗ ಉಳಿದ ಸೊಪ್ಪನ್ನು ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾಳೆಂದು ನಮಗೆ ಗೊತ್ತು. ಅದಕ್ಕಾಗಿಯೇ ಸಂಜೆಯವರೆಗೆ ಕಾಯುವವರಿದ್ದಾರೆ. ಪೇಟೆಯ ದರ ತಿಳಿಯದ ರೈತನ ಕಣದಲ್ಲೇ ತೊಗರಿಯನ್ನು ಅಗ್ಗಕ್ಕೆ ಕಟ್ಟಿಕೊಳ್ಳುವವರೂ ಇದ್ದಾರೆ. ಪೇಟೆಗೆ ಬರುವ ತಂಡವನ್ನು ದಾರಿಯಲ್ಲೇ ಅಡ್ಡಗಟ್ಟಿ ಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಹಾಗೆ ಮಾರಿದವನು ಪೇಟೆಗೆ ಬಂದು ನಿಜದರ ತಿಳಿದಾಗ ವ್ಯಾಪಾರ ಮುರಿಯುವ ಹಕ್ಕನ್ನೂ ಕೊಟ್ಟರು (ಮುಸ್ಲಿಮ್).

ಜರೀರ್ ಬಿನ್ ಅಬ್ದುಲ್ಲಾಹ್(ರ) ಎಂಬ ಸಹಾಬಿಯ ಸೇವಕ 300 ದಿರ್‌ಹಮ್‌ಗೆ ಒಂದು ಕುದುರೆ ಗೊತ್ತುಮಾಡಿದ. ಹಣಕ್ಕಾಗಿ ಬಂದ ಒಡೆಯನಿಗೆ ಜರೀರ್, ನಿನ್ನ ಕುದುರೆ ಇದಕ್ಕಿಂತ ಹೆಚ್ಚು ಬಾಳುತ್ತದೆ ಎಂದರು. 400 ಎಂದರು, 500 ಎಂದರು, ತಾವೇ ಏರಿಸುತ್ತ 800ಕ್ಕೆ ಕೊಂಡರು. ಕಾರಣ, ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುತ್ತೇನೆಂದು ಅವರು ಪ್ರವಾದಿವರ್ಯರ(ಸ) ಕೈಯಲ್ಲಿ ಪ್ರತಿಜ್ಞೆ ಮಾಡಿದ್ದರು. ಮನೆಗೆಲಸದವರ ಸಂಬಳ, ಕೂಲಿಯಾಳಿನ ಪಗಾರ, ದರ್ಜಿಯ ಹೊಲಿಗೆಯ ಹಣ ಇವನ್ನು ಕೊಡುವಾಗ ಈ ಘಟನೆ ನಮಗೆ ನೆನಪಾಗಬೇಕು.

ಹೊರೆ ಎಲ್ಲಿಗೆ ಹೋಗುತ್ತದೆ?

ನಾವು ಇನ್ನೊಬ್ಬನ ಮೇಲೆ ಹಾಕಿದ ಹೊರೆ ಅಲ್ಲಿಗೇ ಮುಗಿಯಿತೆಂದು ಭಾವಿಸುತ್ತೇವೆ. ಕುರ್‌ಆನ್‌ನಲ್ಲಿ ಪಾಪಕ್ಕೆ ಬಳಸಿದ ಪದಗಳಲ್ಲೊಂದು ‘ವಿಝ್ರ್’. ಅದರ ಅರ್ಥವೂ ಹೊರೆಯೇ. ಅಂತ್ಯದಿನದ ಹೆಸರುಗಳಲ್ಲೊಂದು ‘ಯೌಮುತ್ತಗಾಬುನ್’. ಬೆಲೆಯ ಅನ್ಯಾಯಕ್ಕೆ ಹೇಳುವ ‘ಗಬ್ನ್’ ಮತ್ತು ಈ ‘ತಗಾಬುನ್’ ಒಂದೇ ಧಾತುವಿನವು. ನಿಜವಾಗಿ ನಷ್ಟಹೊಂದಿದವರು ಯಾರೆಂಬುದು ಬಯಲಾಗುವ ದಿನವದು.

ಆ ದಿನದ ದಿವಾಳಿಕೋರನ ಬಗ್ಗೆ ಪ್ರವಾದಿವರ್ಯರು(ಸ) ಸಹಾಬಿಗಳಿಗೆ ವಿವರಿಸಿದ್ದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಅವನು ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಸೊತ್ತು ತಿಂದಿರುತ್ತಾನೆ, ಒಬ್ಬನನ್ನು ಹೊಡೆದಿರುತ್ತಾನೆ. ಅವನ ಪುಣ್ಯಗಳನ್ನು ಅವರಿಗೆ ಹಂಚಲಾಗುತ್ತದೆ. ಪುಣ್ಯ ತೀರಿ ಸಾಲ ಉಳಿದರೆ ಅವರ ಪಾಪಗಳನ್ನು ತೆಗೆದು ಅವನ ಮೇಲೆ ಹಾಕಲಾಗುತ್ತದೆ. ಇದೇ ಆ ಹೊರೆಯ ಕೊನೆಯ ಲೆಕ್ಕ. ಇಲ್ಲಿ ಬಡವನ ಬಂಡಿಗೆ ಹೇರಿದ್ದು ಅಲ್ಲಿ ನಮ್ಮ ಬೆನ್ನಿಗೆ ಬರುತ್ತದೆ. ಅಲ್ಲಿ ಇಳಿಸಿಕೊಳ್ಳಲು ಯಾವ ಕಟ್ಟೆಯೂ ಇಲ್ಲ.

ಆದರೆ ಇಂದು ಇಳಿಸಿಕೊಳ್ಳಲು ಅವಕಾಶವಿದೆ. ಹೆಚ್ಚು ಪಡೆದದ್ದು ನೆನಪಿದ್ದರೆ ಮರಳಿಸಿರಿ. ಆ ವ್ಯಕ್ತಿ ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ ಮುಟ್ಟಿಸಿರಿ. ಯಾರೆಂದೇ ತಿಳಿಯದಿದ್ದರೆ ಅವರ ಪರವಾಗಿ ಸದಕಃ ಮಾಡಿರಿ, ಅಲ್ಲಾಹನಲ್ಲಿ ತೌಬಃ ಮಾಡಿರಿ. ಅವರು ಯಾವ ಧರ್ಮದವರೆಂದು ನೋಡಬೇಡಿ. ಹಕ್ಕು ಮನುಷ್ಯನದು. ಇನ್ನು ಮುಂದೆ ಬೆಲೆ ಹೇಳುವ ಮೊದಲು, ಈ ಗಿರಾಕಿಯ ಜಾಗದಲ್ಲಿ ನನ್ನ ತಾಯಿಯಿದ್ದು ಅಂಗಡಿಯಲ್ಲಿ ಬೇರೊಬ್ಬನಿದ್ದರೆ ಈ ಬೆಲೆಯನ್ನು ನಾನು ನ್ಯಾಯವೆನ್ನುತ್ತಿದ್ದೆನೇ ಎಂದು ಒಮ್ಮೆ ಕೇಳಿಕೊಳ್ಳಿ. ಮನೆಯ ಹೆಂಗಸರೂ ಗಂಡನೋ ಮಗನೋ ಹೆಚ್ಚು ತಂದ ದಿನ ಎಷ್ಟು ತಂದಿರಿ ಎಂದಷ್ಟೇ ಕೇಳದೆ, ಹೇಗೆ ತಂದಿರಿ ಎಂದೂ ಕೇಳಲಿ. ಆ ಒಂದು ಪ್ರಶ್ನೆ ಎಷ್ಟೋ ಮನೆಗಳನ್ನು ಹರಾಮಿನಿಂದ ಉಳಿಸಬಲ್ಲದು.

ಮಾರುವಾಗ, ಕೊಳ್ಳುವಾಗ, ಕೊಟ್ಟದ್ದನ್ನು ಕೇಳುವಾಗ ಮೃದುವಾಗಿ ವರ್ತಿಸುವವನಿಗೆ ಅಲ್ಲಾಹನ ಕರುಣೆಗಾಗಿ ಪ್ರವಾದಿವರ್ಯರು(ಸ) ದುಆ ಮಾಡಿದ್ದಾರೆ (ಬುಖಾರಿ). ಅಲ್ಲಾಹನು ನಮ್ಮನ್ನು ಆ ದುಆದ ಪಾಲುಗಾರರನ್ನಾಗಿ ಮಾಡಲಿ. ಇತರರ ಹೊರೆ ಇಳಿಸುವ ಕೈಗಳನ್ನು ನಮಗೆ ಕೊಡಲಿ. ನಮ್ಮ ಸಂಪಾದನೆಯನ್ನು ಹಲಾಲ್ ಜಾಡಿನಲ್ಲಿಟ್ಟು, ಹಗುರವಾದ ಬೆನ್ನಿನೊಂದಿಗೆ ನಾವು ಅವನನ್ನು ಭೇಟಿಯಾಗುವಂತೆ ಮಾಡಲಿ. ಆಮೀನ್.